ತಳ್ಳಿದ್ದು ಯಾರು? ಬಂದೂಕಿನ ಟ್ರಿಗರ್ ಪೇಟೆಂಟ್ ದಾವೆಗೆ ಕಡತ ಕಟ್ಟುವ ಬಗೆ

ಎಆರ್-15 ಮಾದರಿ ಬಂದೂಕಿನ ಟ್ರಿಗರ್ ಸೆಟ್ಟು ಅಂಗೈ ತುಂಬುವಷ್ಟೂ ಇರುವುದಿಲ್ಲ. ಒಂದು ಹ್ಯಾಮರ್ (ನಮ್ಮ ಹಳೆಯ ಕೋವಿಯ ಮಾತಿನಲ್ಲಿ ಇದೇ ಕುದುರೆ), ಒಂದು ಟ್ರಿಗರ್, ಒಂದು ಡಿಸ್ಕನೆಕ್ಟರ್, ಒಂದಷ್ಟು ಸ್ಪ್ರಿಂಗು, 0.154 ಇಂಚು ದಪ್ಪದ ಎರಡು ಪಿನ್ನು. ಇಷ್ಟು ಸಾಮಾನಿನ ಸುತ್ತ ಅಮೆರಿಕದ ಜಿಲ್ಲಾ ನ್ಯಾಯಾಲಯಗಳಲ್ಲಿ ಪೇಟೆಂಟ್ ಉಲ್ಲಂಘನೆಯ ದಾವೆಗಳು ನಡೆಯುತ್ತಲೇ ಇವೆ. ಅವುಗಳ ಕಾಗದದ ಕೆಲಸದಲ್ಲಿ ಒಂದು ಪಾಲು, ಅಂದರೆ ಹಳೆಯ ಪೇಟೆಂಟ್ ಹುಡುಕುವುದು, ಕ್ಲೇಮ್ ಚಾರ್ಟ್ (ಪೇಟೆಂಟ್‌ನ ಮಾತಿನ ಎದುರಿಗೆ ಸರಕಿನ ಸಾಕ್ಷಿ ಇಡುವ ಪಟ್ಟಿ) ಕಟ್ಟುವುದು, ಪೇಟೆಂಟ್ ಕಚೇರಿಯ ಕಡತ ಓದಿ ಸಾರ ತೆಗೆಯುವುದು, ಬೆಂಗಳೂರಿನ ಕಚೇರಿಗಳಲ್ಲಿ ಆಗುವಂಥದ್ದು. ಆ ಕೆಲಸ ಹೇಗೆ ಸಾಗುತ್ತದೆ, ಎಲ್ಲೆಲ್ಲಿ ಕೆಡುತ್ತದೆ ಎಂಬುದಷ್ಟೇ ಇಲ್ಲಿದೆ.

ಮೊದಲು ತಿಳಿಯಬೇಕಾದದ್ದು, ಟ್ರಿಗರ್ ಬೆಂಗಳೂರಿಗೆ ಬರುವುದಿಲ್ಲ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಶಸ್ತ್ರ ಎಂಬ ಮಾತಿನ ವ್ಯಾಖ್ಯೆಯೊಳಗೆ ಬಿಡಿಭಾಗಗಳೂ ಸೇರಿವೆ. ಮಾದರಿಯನ್ನು ಕೊರಿಯರ್‌ನಲ್ಲಿ ತರಿಸಿ ಮೇಜಿನ ಮೇಲಿಟ್ಟು ನೋಡೋಣ ಎನ್ನುವ ಹಾಗಿಲ್ಲ. ಆ ಕಡೆಯಿಂದಲೂ ಬೇಲಿ ಇದೆ. 2020ರ ಮಾರ್ಚ್‌ನಿಂದ ಅರೆಸ್ವಯಂಚಾಲಿತ ಬಂದೂಕು ಮತ್ತು ಅದರ ಭಾಗಗಳು ಅಮೆರಿಕದ ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣಕ್ಕೆ ಬಂದಿವೆ. ಅದಕ್ಕೆ ಮುಂಚೆ ವಿದೇಶಾಂಗ ಇಲಾಖೆಯ ಇನ್ನೂ ಬಿಗಿಯಾದ ಪಟ್ಟಿಯಲ್ಲಿದ್ದವು. ಪ್ರಕಟವಾಗದ ಡ್ರಾಯಿಂಗು, ಅಳತೆಪಟ್ಟಿ, ಕ್ಯಾಡ್ ಫೈಲು ಇವೆಲ್ಲ ಆ ಲೆಕ್ಕದಲ್ಲಿ ತಂತ್ರಜ್ಞಾನ. ಇ-ಮೇಲ್‌ನಲ್ಲಿ ಭಾರತಕ್ಕೆ ಕಳಿಸಿದರೂ ರಫ್ತೇ. ಪ್ರಕಟವಾದ ಪೇಟೆಂಟ್, ಪ್ರಕಟವಾದ ಅರ್ಜಿ, ಸಾರ್ವಜನಿಕರಿಗೆ ತೆರೆದಿರುವ ಪರಿಶೀಲನಾ ಕಡತ ಇವಕ್ಕೆ ಆ ಕಟ್ಟು ಇಲ್ಲ. ಹಾಗಾಗಿ ಲೋಹ ಮುಟ್ಟುವ ಕೆಲಸವೆಲ್ಲ ಅಲ್ಲಿ, ಅಕ್ಷರದ ಕೆಲಸ ಇಲ್ಲಿ ಎಂದು ಮೊದಲ ದಿನವೇ ಗೆರೆ ಎಳೆದುಕೊಳ್ಳುವುದು ಲೇಸು. ಎರಡು ತಿಂಗಳಾದ ಮೇಲೆ ಯಾರೋ ಒಂದು ಸಿಟಿ ಸ್ಕ್ಯಾನ್ ಫೈಲನ್ನು ಹಂಚಿಕೆಯ ಫೋಲ್ಡರಿಗೆ ಹಾಕಿಬಿಟ್ಟರೆ ದಾವೆಯ ಕೆಲಸ ಪಕ್ಕಕ್ಕಿಟ್ಟು ರಫ್ತು ವಕೀಲರ ಹಿಂದೆ ಓಡಾಡಬೇಕಾಗುತ್ತದೆ.

ಉದಾಹರಣೆಗೆ ಒಂದೇ ಪೇಟೆಂಟ್ ಹಿಡಿದುಕೊಳ್ಳೋಣ: ಅಮೆರಿಕದ 10,514,223. ಮಂಜೂರಾದದ್ದು 2019ರ ಡಿಸೆಂಬರ್ 24. ಒಡೆತನ ಎಬಿಸಿ ಐಪಿ ಎಂಬ ಸಂಸ್ಥೆಯದ್ದು, ವಿಶೇಷ ಪರವಾನಗಿ ರೇರ್ ಬ್ರೀಡ್ ಟ್ರಿಗರ್ಸ್‌ನದ್ದು. ಇದರ ಮೇಲೆ ನಿಂತ ಸರಕು ಎಫ್‌ಆರ್‌ಟಿ-15, ಅಂದರೆ ಫೋರ್ಸ್ಡ್ ರೀಸೆಟ್ ಟ್ರಿಗರ್; ಮಾರುಕಟ್ಟೆಗೆ ಬಂದದ್ದು 2020ರ ಡಿಸೆಂಬರ್‌ನಲ್ಲಿ, ಬೆಲೆ 380 ಡಾಲರ್. ಮರುವರ್ಷವೇ ವೈಡ್ ಓಪನ್ ಟ್ರಿಗರ್ ಎಂಬ ಪೈಪೋಟಿಯ ಮಾಲಿನ ಮೇಲೆ ಫ್ಲೋರಿಡಾದ ಉತ್ತರ ಜಿಲ್ಲೆಯ ನ್ಯಾಯಾಲಯದಲ್ಲಿ ದಾವೆ ಬಿತ್ತು. ಆಮೇಲೆ ಇದೇ ಪೇಟೆಂಟ್ ಹಿಡಿದು ಹಲವು ದಾವೆಗಳಾಗಿವೆ.

ಮಾಮೂಲಿ ಟ್ರಿಗರ್‌ನಲ್ಲಿ ಗುಂಡು ಹಾರಿದ ಮೇಲೆ ಬೋಲ್ಟ್ ಕ್ಯಾರಿಯರ್ (ಗುಂಡಿನ ಕೋಣೆ ಮುಚ್ಚುವ ಬೋಲ್ಟನ್ನು ಹೊತ್ತು ಹಿಂದೆ ಮುಂದೆ ಸರಿಯುವ ತುಂಡು) ಹಿಂದಕ್ಕೆ ಬಂದು ಹ್ಯಾಮರ್ ಅನ್ನು ಕೆಳಕ್ಕೆ ಒತ್ತುತ್ತದೆ. ಬೆರಳು ಇನ್ನೂ ಟ್ರಿಗರ್ ಎಳೆದೇ ಇರುವುದರಿಂದ ಹ್ಯಾಮರ್ ಅನ್ನು ಡಿಸ್ಕನೆಕ್ಟರ್ ಹಿಡಿದುಕೊಳ್ಳುತ್ತದೆ. ಬೆರಳು ಸಡಿಲವಾದಾಗ ಡಿಸ್ಕನೆಕ್ಟರ್ ಬಿಟ್ಟುಕೊಡುತ್ತದೆ, ಸಿಯರ್ (ಹ್ಯಾಮರ್ ಅನ್ನು ಹಿಡಿದಿಡುವ ಟ್ರಿಗರ್‌ನ ಮೊನೆ) ಕಚ್ಚಿಕೊಳ್ಳುತ್ತದೆ. ಇಲ್ಲಿ ಟ್ರಿಗರ್ ಮುಂದಕ್ಕೆ ಬರುವುದು ಬೆರಳು ಒಪ್ಪಿದಾಗ. ಫೋರ್ಸ್ಡ್ ರೀಸೆಟ್ ಬಗೆಯಲ್ಲಿ ಬೆರಳಿನ ಒಪ್ಪಿಗೆ ಕೇಳುವುದಿಲ್ಲ. ಹಿಂದಕ್ಕೆ ಬರುವ ಹ್ಯಾಮರ್ರೇ ಟ್ರಿಗರ್ ಅನ್ನು ಮುಂದಕ್ಕೆ ನೂಕಿಬಿಡುತ್ತದೆ. ಬೋಲ್ಟ್ ಪೂರ್ತಿ ಮುಚ್ಚುವವರೆಗೆ ಒಂದು ಲಾಕಿಂಗ್ ಬಾರ್ ಟ್ರಿಗರ್ ಅನ್ನು ತಡೆಹಿಡಿದಿರುತ್ತದೆ.

ಯಂತ್ರ ಇಷ್ಟೇ. ಆದರೆ ದಾವೆ ನಡೆಯುವುದು ಯಂತ್ರದ ಮೇಲಲ್ಲ, ಪೇಟೆಂಟ್‌ನ ಕೊನೆಯಲ್ಲಿ ನಂಬರು ಹಾಕಿ ಬರೆದಿರುವ ಕ್ಲೇಮುಗಳ, ಅಂದರೆ ಹಕ್ಕಿನ ಎಲ್ಲೆ ಹೇಳುವ ವಾಕ್ಯಗಳ, ಮೇಲೆ. ಈ ಪೇಟೆಂಟ್‌ನಲ್ಲಿ ಹೆಚ್ಚಾಗಿ ಮುಂದಿಡುವುದು 4ನೇ ಕ್ಲೇಮು. ಅದನ್ನು ಬಿಡಿಸಿದರೆ ಹೀಗೆ: ಹೌಸಿಂಗ್ ಒಂದಿರಬೇಕು, ಹ್ಯಾಮರ್ ಮತ್ತು ಟ್ರಿಗರ್ ಪಿನ್ನು ತೂರಲು ಅದರಲ್ಲಿ ಎದುರುಬದುರು ಜೋಡಿ ತೂತುಗಳಿರಬೇಕು. ಸಿಯರ್ ಕಚ್ಚು ಇರುವ ಹ್ಯಾಮರ್ ಆ ಹೌಸಿಂಗ್‌ನಲ್ಲಿ ಕೂತು ತಿರುಗಬೇಕು. ಸಿಯರ್ ಇರುವ ಟ್ರಿಗರ್ ಕೂಡ ಹಾಗೆಯೇ. ಕ್ಯಾರಿಯರ್ ಹ್ಯಾಮರ್ ಅನ್ನು ಸರಿಸಿದಾಗ ಆ ಹ್ಯಾಮರ್ ಬಂದು ತಾಗುವಂಥ ಮುಖ ಟ್ರಿಗರ್‌ಗೆ ಇರಬೇಕು, ಆ ತಾಗುವಿಕೆಯಿಂದಲೇ ಟ್ರಿಗರ್ ಸಜ್ಜಾದ ಸ್ಥಿತಿಗೆ ಬಲವಂತವಾಗಿ ಹೋಗಬೇಕು. ಲಾಕಿಂಗ್ ಬಾರ್ ಹೌಸಿಂಗ್‌ನಲ್ಲಿ ತಿರುಗುವಂತೆ ಕೂತಿರಬೇಕು, ಸ್ಪ್ರಿಂಗ್ ಅದನ್ನು ಟ್ರಿಗರ್ ತಡೆಯುವ ಕಡೆಗೇ ಒತ್ತುತ್ತಿರಬೇಕು. ಕ್ಯಾರಿಯರ್ ಹೆಚ್ಚುಕಡಿಮೆ ಮುಚ್ಚಿದ ಸ್ಥಾನಕ್ಕೆ ಬಂದು ತಾಗಿದಾಗ ಬಾರ್ ಸರಿದು ಟ್ರಿಗರ್‌ಗೆ ದಾರಿ ಬಿಡಬೇಕು.

ಇಷ್ಟರಲ್ಲಿ ಒಂದೇ ಒಂದು ತಪ್ಪಿದರೂ ಅಕ್ಷರಶಃ ಉಲ್ಲಂಘನೆ ಇಲ್ಲ. ಹತ್ತರಲ್ಲಿ ಒಂಬತ್ತು ಹೊಂದಿತು ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

ಟ್ರಿಗರ್ ಪೇಟೆಂಟ್‌ಗಳಲ್ಲಿ ನಾಮಪದಗಳಿಗಿಂತ ಕ್ರಿಯಾಪದಗಳೇ ಮುಖ್ಯ ಎಂಬುದು ಈ ಕೆಲಸದಲ್ಲಿ ಪಳಗಿದವರ ಅನುಭವ. ಹ್ಯಾಮರ್, ಸಿಯರ್, ಸ್ಪ್ರಿಂಗ್ ಬಹಳಷ್ಟು ಬಂದೂಕುಗಳಲ್ಲಿ ಇವೆ. ಯಾವುದು ಯಾವುದನ್ನು, ಯಾವ ಗಳಿಗೆಯಲ್ಲಿ ತಳ್ಳುತ್ತದೆ ಎಂಬಲ್ಲಿ ಹೊಸತನವೂ ಇರುತ್ತದೆ, ಜಗಳವೂ ಇರುತ್ತದೆ. ಇಂಗ್ಲಿಷ್ ಕ್ಲೇಮು ಕರ್ಮಣಿ ಪ್ರಯೋಗದಲ್ಲಿ ಮುಸುಕು ಹಾಕಿಕೊಂಡಿರುತ್ತದೆ: ತಳ್ಳಲ್ಪಡುತ್ತದೆ, ತಡೆಯಲ್ಪಡುತ್ತದೆ. ಅದನ್ನು ಮೇಜಿನ ಆಚೆ ಕೂತವರಿಗೆ ಕನ್ನಡದಲ್ಲಿ ವಿವರಿಸಲು ಹೊರಟರೆ ಕರ್ತೃ ಹೊರಬರಲೇಬೇಕು, ಏಕೆಂದರೆ ನಾವು ಹಾಗೆ ಮಾತಾಡುವುದಿಲ್ಲ. "ಟ್ರಿಗರ್ ಮುಂದಕ್ಕೆ ಹೋಗುತ್ತೆ" ಅಂದಕೂಡಲೇ "ಯಾರು ತಳ್ಳಿದ್ದು?" ಎಂಬ ಪ್ರಶ್ನೆ ಬರುತ್ತದೆ. ಉತ್ತರ ಹ್ಯಾಮರ್ ಎಂದಾದರೆ 4ನೇ ಕ್ಲೇಮಿನೊಳಗೆ ಬರಬಹುದು. ಕ್ಯಾರಿಯರ್ ಒಂದು ಕ್ಯಾಮನ್ನು ತಿರುಗಿಸಿ, ಆ ಕ್ಯಾಮ್ ಟ್ರಿಗರ್‌ನ ಬಾಲ ಒತ್ತುವ ವಿನ್ಯಾಸವಾದರೆ ಅಲ್ಲಿ ಹ್ಯಾಮರ್‌ಗೆ ಪಾತ್ರವೇ ಇಲ್ಲ. ಅದರ ಮೇಲೆ ಹೋಗಲು ಬೇರೆ ಪೇಟೆಂಟೇ ಬೇಕು.

ಈ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಮಾದರಿ. ಹಾಗಾಗಿ ಮಾದರಿ ಕೊಳ್ಳುವುದೇ ಒಂದು ಕ್ರಮ. ಎದುರಾಳಿಯ ಸರಕನ್ನು ಕನಿಷ್ಠ ಎರಡು ಕೊಳ್ಳಬೇಕು: ಒಂದು ಬಿಚ್ಚಲು, ಇನ್ನೊಂದು ಸೀಲ್ ಮಾಡಿ ಇಡಲು. ಬಿಲ್ಲು, ಪೊಟ್ಟಣದ ಮೇಲಿನ ವಿಳಾಸಪಟ್ಟಿ, ಒಳಗಿನ ಸೂಚನಾಪತ್ರ, ಹೌಸಿಂಗ್ ಮೇಲಿನ ಗುರುತು ಇವೆಲ್ಲದರ ಫೋಟೊ ಬಿಚ್ಚುವ ಮೊದಲೇ ಆಗಬೇಕು. ಯಾರ ಕೈಯಿಂದ ಯಾರ ಕೈಗೆ ಯಾವತ್ತು ಹೋಯಿತು ಎಂಬ ಪಟ್ಟಿ ಜೊತೆಗಿರಬೇಕು. ಸಣ್ಣ ತಯಾರಕರು ಹೇಳದೆ ಕೇಳದೆ ವಿನ್ಯಾಸ ಬದಲಿಸುತ್ತಾರೆ. ಮಾರ್ಚ್‌ನಲ್ಲಿ ಕೊಂಡದ್ದರಲ್ಲಿ ತಿರುಗುವ ಬಾರ್, ಜುಲೈನಲ್ಲಿ ಕೊಂಡದ್ದರಲ್ಲಿ ಜಾರುವ ತುಂಡು ಇರಬಹುದು. ಹೆಸರು, ಡಬ್ಬಿ, ಬೆಲೆ ಎಲ್ಲ ಅದೇ. ಒಂದೇ ಮಾದರಿ ನೋಡಿ ಎಲ್ಲ ಮಾರಾಟಕ್ಕೂ ಚಾರ್ಟ್ ಅನ್ವಯಿಸಿದರೆ, ಮೊದಲ ಸಾಕ್ಷ್ಯ ವಿಚಾರಣೆಯಲ್ಲೇ ಎದುರಿನ ವಕೀಲರು ಅರ್ಧ ಮಾರಾಟವನ್ನು ಲೆಕ್ಕದಿಂದ ಕಿತ್ತುಹಾಕುತ್ತಾರೆ.

ಬಿಚ್ಚುವಾಗಿನ ಮಾಮೂಲಿ ಅನಾಹುತ ಇನ್ನೊಂದು. ಡ್ರಾಪ್-ಇನ್ ಬಗೆಯ ಟ್ರಿಗರ್, ಅಂದರೆ ಪೆಟ್ಟಿಗೆಯಂಥ ಹೌಸಿಂಗ್‌ನಲ್ಲಿ ಎಲ್ಲ ಜೋಡಿಸಿ ಬರುವಂಥದ್ದನ್ನು, ಬಂದೂಕಿನ ಹೊರಗೆ ಹಿಡಿದು ಹ್ಯಾಮರ್ ಬಿಟ್ಟು ನೋಡಬಾರದು. ಎದುರಿಗೆ ತಡೆಯುವ ಫೈರಿಂಗ್ ಪಿನ್ ಇಲ್ಲದೆ ಹ್ಯಾಮರ್ ಪೂರ್ತಿ ವೇಗದಲ್ಲಿ ಹೌಸಿಂಗ್‌ಗೇ ಬಡಿಯುತ್ತದೆ. ಹೌಸಿಂಗ್ ಅಲ್ಯೂಮಿನಿಯಂ ಆಗಿದ್ದರೆ ಜಜ್ಜುತ್ತದೆ, ಬಿರುಕೂ ಬಿಡಬಹುದು. ಆಮೇಲೆ ಆ ಗಾಯದ ಗುರುತನ್ನು ತೋರಿಸಿ "ಇದು ಕೆಟ್ಟ ಮಾದರಿ, ನಮ್ಮ ಸರಕು ಹೀಗೆ ಕೆಲಸ ಮಾಡುವುದಿಲ್ಲ" ಎಂದು ಎದುರಾಳಿಯ ತಜ್ಞರು ಹೇಳಿದರೆ ಉತ್ತರವಿರುವುದಿಲ್ಲ. ಹ್ಯಾಮರ್‌ಗೆ ಹೆಬ್ಬೆರಳು ಒತ್ತಿ ಹಿಡಿದು ನಿಧಾನವಾಗಿ ಬಿಡಬೇಕು, ಇಲ್ಲವೇ ಮುಂದೆ ಮೆತ್ತನೆಯ ತಡೆ ಇಟ್ಟ ಪಾರದರ್ಶಕ ಅಕ್ರಿಲಿಕ್ ಫಿಕ್ಸ್ಚರ್‌ನಲ್ಲಿ ಕೂರಿಸಬೇಕು.

ಫೋಟೊಗಳನ್ನು ಸ್ಥಿತಿಗಳ ಪ್ರಕಾರ ತೆಗೆಯಬೇಕು, ಭಾಗಗಳ ಪ್ರಕಾರ ಅಲ್ಲ. ಸಜ್ಜಾದ ಸ್ಥಿತಿ, ಟ್ರಿಗರ್ ಎಳೆದು ಹ್ಯಾಮರ್ ಬಿಟ್ಟ ಸ್ಥಿತಿ, ಹ್ಯಾಮರ್ ಹಿಂದಕ್ಕೆ ಬರುತ್ತ ಟ್ರಿಗರ್‌ಗೆ ತಾಗಿದ ಕ್ಷಣ, ಹ್ಯಾಮರ್ ಪೂರ್ತಿ ಕೆಳಗಿದ್ದು ಬಾರ್ ತಡೆದ ಸ್ಥಿತಿ, ಕ್ಯಾರಿಯರ್ ಬಂದು ಬಾರ್ ಸರಿದ ಸ್ಥಿತಿ. ಐದು ಸ್ಥಿತಿ, ಐದು ಫೋಟೊ, ಎಲ್ಲಕ್ಕೂ ಒಂದೇ ಕೋನ, ಒಂದೇ ಬಣ್ಣದ ಗುರುತು. ಹ್ಯಾಮರ್ ಮೊದಲ ಫೋಟೊದಲ್ಲಿ ನೀಲಿಯಾದರೆ ಕೊನೆಯವರೆಗೂ ನೀಲಿಯೇ. ಮೂರನೆಯ ಫೋಟೊ ಕಡತದ ಜೀವ. ತಾಗುವ ಮುಖಗಳಿಗೆ ಮಾರ್ಕಿಂಗ್ ಬ್ಲೂ ಬಳಿದು ಕೆಲವು ಸಲ ಆಡಿಸಿದರೆ ಬಣ್ಣ ಅಳಿಸಿಹೋದ ಜಾಗವೇ ಸಾಕ್ಷಿ. ಅಲ್ಲಿ ಬಣ್ಣ ಅಳಿಯದೆ ಬೇರೆಲ್ಲೋ ಅಳಿದಿದ್ದರೆ ನಿಮ್ಮ ಕಕ್ಷಿದಾರರಿಗೆ ಅದನ್ನು ಮೊದಲೇ ಹೇಳುವುದು ಒಳ್ಳೆಯದು.

ಚಲಿಸುವಾಗಿನ ವಿಡಿಯೊ ಬೇಕು ಎನ್ನುವ ವಕೀಲರಿರುತ್ತಾರೆ. ಎಆರ್-15ರ ಸೇನಾ ರೂಪವಾದ ಎಂ16ರ ಆವರ್ತನ ದರ ನಿಮಿಷಕ್ಕೆ 700ರಿಂದ 950 ಸುತ್ತು. ಅಂದರೆ ಒಂದು ಸುತ್ತಿಗೆ ಸುಮಾರು 63ರಿಂದ 86 ಮಿಲಿಸೆಕೆಂಡ್. ಅದೇ ವಂಶದ ಬಂದೂಕಿಗೆ ಇದೇ ಅಂದಾಜು ಸಾಕು. ಸೆಕೆಂಡಿಗೆ 30 ಚಿತ್ರ ತೆಗೆಯುವ ಮೊಬೈಲ್‌ನಲ್ಲಿ ಒಂದು ಸುತ್ತಿಗೆ ಎರಡು ಮೂರು ಚಿತ್ರ ಸಿಗುತ್ತವೆ, ಮೂರೂ ಮಸುಕು. ಸೆಕೆಂಡಿಗೆ 2,000 ಚಿತ್ರದ ಕ್ಯಾಮೆರಾದಲ್ಲಾದರೆ 126ರಿಂದ 172 ಸಿಗುತ್ತವೆ. ತಾಗಿದ್ದು ಯಾವುದು, ಸರಿದದ್ದು ಯಾವುದು ಎಂದು ಬೆರಳಿಟ್ಟು ತೋರಿಸಬಹುದು. ಇದು ಅಲ್ಲಿನ ಶೂಟಿಂಗ್ ರೇಂಜ್‌ನಲ್ಲಿ, ಪರವಾನಗಿ ಇದ್ದವರ ಕೈಯಲ್ಲಿ ಆಗುವ ಕೆಲಸ.

ಇನ್ನು ಚಾರ್ಟ್. ಎಡಗಡೆ ಕ್ಲೇಮಿನ ಮಾತು, ಬಲಗಡೆ ಸರಕಿನ ಸಾಕ್ಷಿ. ಎಡಗಡೆಯದನ್ನು ಎಳ್ಳಷ್ಟೂ ತಿದ್ದಬಾರದು, ಅಲ್ಪವಿರಾಮ ಕೂಡ. ಹೊಸಬರು ಮಾಡುವ ತಪ್ಪು ಎಂದರೆ ದೊಡ್ಡ ತುಂಡುಗಳಾಗಿ ಒಡೆಯುವುದು. ಲಾಕಿಂಗ್ ಬಾರ್‌ನ ಇಡೀ ವಾಕ್ಯಕ್ಕೆ ಒಂದೇ ಫೋಟೊ ಅಂಟಿಸಿ ಬಾಣ ಎಳೆದುಬಿಟ್ಟರೆ "ತಿರುಗುವಂತೆ ಕೂತಿದೆ", "ಹೌಸಿಂಗ್‌ನಲ್ಲಿ", "ಸ್ಪ್ರಿಂಗ್ ಒತ್ತುವ ದಿಕ್ಕು", "ಕ್ಯಾರಿಯರ್ ತಾಗಿದಾಗ" ಎಂಬ ನಾಲ್ಕು ಬೇರೆ ಬೇರೆ ಷರತ್ತು ಅದರೊಳಗೆ ಮುಚ್ಚಿಹೋಗುತ್ತವೆ. ಒಂದೊಂದಕ್ಕೂ ಒಂದು ಸಾಲು ಕೊಡಬೇಕು. ಸ್ಪ್ರಿಂಗ್‌ನ ದಿಕ್ಕು ಮಾತ್ರ ಪ್ರತಿ ಸಲವೂ ಮರೆತುಹೋಗುವ ಸಾಲು. ಸ್ಪ್ರಿಂಗ್ ಫೋಟೊದಲ್ಲಿ ಕಾಣುತ್ತದೆ. ಅದು ಯಾವ ಕಡೆಗೆ ಒತ್ತುತ್ತಿದೆ ಎಂಬುದು ಕಾಣುವುದಿಲ್ಲ. ಬಾರ್ ಅನ್ನು ಕಡ್ಡಿಯಿಂದ ಸರಿಸಿ ಬಿಟ್ಟರೆ ಎಲ್ಲಿಗೆ ಮರಳುತ್ತದೆ ಎಂದು ತೋರಿಸುವ ಎರಡು ಫೋಟೊ ಬೇಕು. ಮತ್ತೆ ಕೆಲವರು ಟ್ರಿಗರ್ ಎಳೆಯಲು ಎಷ್ಟು ಪೌಂಡ್ ಬಲ ಬೇಕು ಎಂದು ಹತ್ತು ಸಲ ಅಳೆದು ಕೋಷ್ಟಕ ಹಾಕುತ್ತಾರೆ. ಕ್ಲೇಮು ಅದನ್ನು ಕೇಳಿಯೇ ಇಲ್ಲ.

"ಹೌಸಿಂಗ್" ಎಂಬ ಮೊದಲ ಪದವೇ ಕೆಲವು ಸರಕನ್ನು ಹೊರಗಿಡುತ್ತದೆ. ಪೆಟ್ಟಿಗೆಯೇ ಇಲ್ಲದೆ ಬಿಡಿ ಭಾಗಗಳನ್ನು ನೇರವಾಗಿ ಬಂದೂಕಿನ ರಿಸೀವರ್‌ನಲ್ಲಿ, ಅಂದರೆ ಒಡಲಿನಲ್ಲಿ, ಕೂರಿಸುವ ಕಿಟ್‌ಗೆ ಹೌಸಿಂಗ್ ಯಾವುದು? ರಿಸೀವರನ್ನೇ ಹೌಸಿಂಗ್ ಎನ್ನೋಣವೆಂದರೆ ಕ್ಲೇಮಿನ ಮುನ್ನುಡಿಯಲ್ಲಿ ರಿಸೀವರ್ ಬೇರೆಯಾಗಿ ಬಂದಿದೆ. ಒಂದೇ ವಸ್ತುವನ್ನು ಎರಡು ಪದಕ್ಕೆ ಎಣಿಸುವುದು ಕಷ್ಟ. ಅಲ್ಲಿಂದ ಮುಂದೆ ಸಮಾನತೆಯ ಸಿದ್ಧಾಂತದ ಮೊರೆ ಹೋಗಬೇಕು: ಅದೇ ಕೆಲಸ, ಅದೇ ಬಗೆ, ಅದೇ ಫಲ, ವ್ಯತ್ಯಾಸ ಲೆಕ್ಕಕ್ಕಿಲ್ಲದ್ದು ಎಂದು ಸಾಧಿಸುವುದು. ಅದಕ್ಕೂ ಮುನ್ನ ಪರಿಶೀಲನಾ ಕಡತ ಓದದೆ ಇದ್ದರೆ ಗುಂಡಿಗೆ ಬೀಳುತ್ತೀರಿ. ಮಂಜೂರಾತಿ ಪಡೆಯಲು ಅರ್ಜಿದಾರರು ಆ ಪದವನ್ನು ತಾವೇ ಸೇರಿಸಿ ಕ್ಲೇಮನ್ನು ಕಿರಿದು ಮಾಡಿದ್ದರೆ, ಬಿಟ್ಟುಕೊಟ್ಟ ಜಾಗವನ್ನು ಸಮಾನತೆಯ ಹೆಸರಿನಲ್ಲಿ ಮತ್ತೆ ಕೇಳುವುದು 2002ರ ಫೆಸ್ಟೊ ತೀರ್ಪಿನ ಬಳಿಕ ಬಹುಮಟ್ಟಿಗೆ ಮುಚ್ಚಿದ ಬಾಗಿಲು. "ಹೆಚ್ಚುಕಡಿಮೆ ಮುಚ್ಚಿದ ಸ್ಥಾನ" ಎಂಬ ಮಾತು ಎರಡೂ ಕಡೆಯವರಿಗೆ ಅನ್ನ ಹಾಕುವ ಮಾತು. ವಾದಿಗೆ ಅದು ಸಡಿಲ. ಪ್ರತಿವಾದಿಗೆ ಅದು 2014ರ ನಾಟಿಲಸ್ ತೀರ್ಪು ತೋರಿಸಿ "ಇದು ಅಸ್ಪಷ್ಟ, ಕ್ಲೇಮೇ ಊರ್ಜಿತವಲ್ಲ" ಎನ್ನಲು ಒಂದು ಹಿಡಿ.

ಇನ್ನೊಂದು ತೊಡಕು ಟ್ರಿಗರ್ ಬಿಡಿಯಾಗಿ ಮಾರಾಟವಾಗುವುದರಿಂದ ಬರುತ್ತದೆ. ಕ್ಲೇಮಿನಲ್ಲಿ ಕ್ಯಾರಿಯರ್ ಇದೆ, ಡಬ್ಬಿಯಲ್ಲಿ ಇಲ್ಲ. ಕ್ಲೇಮು ಟ್ರಿಗರ್ ಯಂತ್ರದ ಮೇಲೆಯೇ ಇದೆ, ಬಂದೂಕು ಬರೀ ಹಿನ್ನೆಲೆ ಎಂದು ವಾದಿ. ಬಂದೂಕಿಗೆ ಹಾಕಿ ಆಡಿಸಿದಾಗಲೇ ಉಲ್ಲಂಘನೆ, ನಾವು ಮಾರಿದ್ದು ಬಿಡಿಭಾಗ ಎಂದು ಪ್ರತಿವಾದಿ. ಬುದ್ಧಿವಂತ ವಾದಿ ನೇರ ಉಲ್ಲಂಘನೆಯ ಜೊತೆಗೆ ಪ್ರಚೋದನೆ ಮತ್ತು ಸಹಾಯದ ಆರೋಪವನ್ನೂ ದಾವೆಯಲ್ಲಿ ಸೇರಿಸುತ್ತಾರೆ. ಅದಕ್ಕೆ ಬೇಕಾದ ಪುರಾವೆ ಎದುರಾಳಿಯೇ ಕೊಟ್ಟಿರುತ್ತಾರೆ: ಅಳವಡಿಸುವ ಸೂಚನಾಪತ್ರ, ಯೂಟ್ಯೂಬ್ ವಿಡಿಯೊ. ಇವು ದಾವೆ ಬಿದ್ದ ಮರುದಿನವೇ ಮಾಯವಾಗುವುದುಂಟು. ಹಾಗಾಗಿ ನೋಟಿಸು ಕಳಿಸುವ ಮೊದಲೇ ದಿನಾಂಕ ಸಮೇತ ಇಳಿಸಿಟ್ಟುಕೊಳ್ಳಬೇಕು.

ಒಡೆತನದ ಕಾಗದ, ನವೀಕರಣ ಶುಲ್ಕ, ಗುರುತು ಈ ಮೂರೂ ಬೇಸರದ ಕೆಲಸ, ಆದರೆ ಇಲ್ಲೇ ದಾವೆಗಳು ಸಾಯುತ್ತವೆ. ಆವಿಷ್ಕಾರಕನಿಂದ ಈಗಿನ ಒಡೆಯನವರೆಗೆ ವರ್ಗಾವಣೆಯ ಸರಪಳಿ ಕಡಿಯದೆ ಬಂದಿರಬೇಕು. ಶುಲ್ಕ ಮಂಜೂರಾದ ಮೂರೂವರೆ, ಏಳೂವರೆ, ಹನ್ನೊಂದೂವರೆ ವರ್ಷಕ್ಕೆ ಕಟ್ಟಬೇಕು, ತಪ್ಪಿದರೆ ದಂಡದೊಡನೆ ಆರು ತಿಂಗಳ ಅವಕಾಶ. ತನ್ನ ಸರಕಿನ ಮೇಲೆ ಪೇಟೆಂಟ್ ನಂಬರು ಅಥವಾ ನಂಬರು ಸಿಗುವ ವೆಬ್ ವಿಳಾಸ ಹಾಕದಿದ್ದರೆ ನೋಟಿಸು ಕೊಟ್ಟ ದಿನದಿಂದಾಚೆಗೆ ಮಾತ್ರ ನಷ್ಟ ಸಿಗುತ್ತದೆ. ಪರವಾನಗಿ ಪಡೆದವರು ಹಾಕದಿದ್ದರೂ ಅದೇ ಗತಿ.

ಈಗ ಎದುರಿನ ಕುರ್ಚಿಗೆ ಬರೋಣ. ಪ್ರತಿವಾದಿ ಮೊದಲು ಕೇಳುವುದು "ಇದು ಹಿಂದೆ ಇರಲಿಲ್ಲವೇ?" ಎಂದು. ಟ್ರಿಗರ್ ವಿಷಯದಲ್ಲಿ ನೂರು ವರ್ಷ ಹಿಂದಕ್ಕೆ ಹೋಗಿ ಹುಡುಕಬೇಕು. ಅಮೆರಿಕದ ಪೇಟೆಂಟ್ ಕಚೇರಿಯ ಶೋಧದಲ್ಲಿ 1976ಕ್ಕಿಂತ ಹಿಂದಿನವನ್ನು ಪೂರ್ಣ ಪಠ್ಯದಲ್ಲಿ ನಂಬಿ ಹುಡುಕುವಂತಿಲ್ಲ. ವರ್ಗೀಕರಣ ಸಂಖ್ಯೆ ಹಿಡಿದು ಒಂದೊಂದೇ ಚಿತ್ರ ನೋಡಬೇಕು. ಎಫ್41ಎ 19/10 ಟ್ರಿಗರ್‌ಗಳದ್ದು, 19/12 ಸಿಯರ್‌ಗಳದ್ದು, 17/46 ಟ್ರಿಗರ್ ಸೇಫ್ಟಿಗಳದ್ದು. ಜರ್ಮನ್ ಪೇಟೆಂಟ್‌ಗಳನ್ನು ಬಿಡಬಾರದು: ಅಲ್ಲಿ ಟ್ರಿಗರ್ ಆಬ್‌ಟ್ಸುಗ್, ಡಿಸ್ಕನೆಕ್ಟರ್ ಉಂಟರ್‌ಬ್ರೆಖರ್. ಲಾಕಿಂಗ್ ಬಾರ್ ಎಂಬ ಪದ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಒಬ್ಬನ ಲಾಕಿಂಗ್ ಬಾರ್ ಇನ್ನೊಬ್ಬನ ಟ್ರಿಪ್ ಲಿವರ್, ಮತ್ತೊಬ್ಬನ ಸೇಫ್ಟಿ ಸಿಯರ್. ಇಲ್ಲೂ ಕ್ರಿಯಾಪದವನ್ನೇ ಹುಡುಕಬೇಕು: ಬೋಲ್ಟ್ ಮುಚ್ಚುವವರೆಗೆ ತಡೆಯುವುದು ಯಾವುದು, ಬಿಡಿಸುವುದು ಯಾವುದು.

ಸಿಕ್ಕಿದ್ದನ್ನು ಎಲ್ಲಿ ಬಳಸಬೇಕು ಎಂಬುದು ಬೇರೆ ಪ್ರಶ್ನೆ. ಪೇಟೆಂಟ್ ಕಚೇರಿಯ ಮುಂದಿನ ಅಂತರ ಪಕ್ಷ ಮರುಪರಿಶೀಲನೆಗೆ, ಅಂದರೆ ಐಪಿಆರ್‌ಗೆ, ಹಳೆಯ ಪೇಟೆಂಟ್ ಮತ್ತು ಮುದ್ರಿತ ಪ್ರಕಟಣೆ ಮಾತ್ರ ಸಲ್ಲುತ್ತವೆ. ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ಬಂದೂಕು ಎಷ್ಟೇ ಹೋಲಲಿ, ಅದರ ಕೈಪಿಡಿ ಸಿಗದಿದ್ದರೆ ಅಲ್ಲಿ ಸಲ್ಲದು, ನ್ಯಾಯಾಲಯದಲ್ಲಿ ಸಲ್ಲುತ್ತದೆ. ದಾವೆಯ ಪ್ರತಿ ಜಾರಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಅರ್ಜಿ 14,000 ಪದ ಮೀರುವಂತಿಲ್ಲ. 2025ರ ಜನವರಿಯ ದರದಲ್ಲಿ ಕಚೇರಿ ಶುಲ್ಕವೇ 23,750 ಡಾಲರ್, ವಿಚಾರಣೆಗೆ ಎತ್ತಿಕೊಳ್ಳುವ ಹಂತಕ್ಕೆ ಇನ್ನೂ 28,125. ವಕೀಲರ ಖರ್ಚು ಇದರ ಹಲವು ಪಟ್ಟು. 380 ಡಾಲರ್ ಟ್ರಿಗರ್ ಮಾರುವ ಸಣ್ಣ ಅಂಗಡಿ ಇಷ್ಟು ಸುರಿಯುವುದಕ್ಕಿಂತ ರಾಜಿ ಮಾಡಿಕೊಳ್ಳುವುದೇ ಹೆಚ್ಚು, ಅದು ಪೇಟೆಂಟ್ ಗಟ್ಟಿಯೆಂಬುದರ ಲಕ್ಷಣವೇನೂ ಅಲ್ಲ.

ಈ ದಾರಿಯಲ್ಲಿ ಏನೆಲ್ಲ ಆಗಬಹುದು ಎಂಬುದಕ್ಕೆ ಬಂದೂಕು ತಯಾರಕ ಮಾಸ್‌ಬರ್ಗ್ ಮತ್ತು ಟ್ರಿಗರ್ ತಯಾರಕ ಟಿಮ್ನಿ ನಡುವಿನ ದಾವೆಗಿಂತ ಒಳ್ಳೆಯ ಪಾಠವಿಲ್ಲ. ಜಗಳ ಡ್ರಾಪ್-ಇನ್ ಟ್ರಿಗರ್ ಪೆಟ್ಟಿಗೆಯ ಮೇಲೆ: 2007ರಲ್ಲಿ ಮಂಜೂರಾದ 7,293,385. ವಿಶೇಷ ಪರವಾನಗಿ ಹೊಂದಿದ್ದ ಮಾಸ್‌ಬರ್ಗ್ 2012ರಲ್ಲಿ ಕನೆಕ್ಟಿಕಟ್ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿತು. ಟಿಮ್ನಿ ಉತ್ತರ ಕೊಡುವ ಬದಲು ಪೇಟೆಂಟ್ ಕಚೇರಿಗೆ ಹೋಗಿ ಮರುಪರೀಕ್ಷೆ ಕೇಳಿತು, ನ್ಯಾಯಾಲಯ ದಾವೆ ನಿಲ್ಲಿಸಿತು. ಆದರೆ ಅರ್ಜಿಯಲ್ಲಿ ನಿಜವಾದ ಆಸಕ್ತ ಪಕ್ಷ ಯಾರು ಎಂಬುದನ್ನು ಸರಿಯಾಗಿ ಹೆಸರಿಸಿರಲಿಲ್ಲ ಎಂಬ ಕಾರಣಕ್ಕೆ ಕಚೇರಿ ಆ ಪ್ರಕ್ರಿಯೆಯನ್ನೇ ರದ್ದು ಮಾಡಿತು. ಮೊದಲ ಪುಟದ ಒಂದು ಖಾನೆಯ ತಪ್ಪು! ಮತ್ತೆ ಬೇರೆ ಬಗೆಯ ಮರುಪರೀಕ್ಷೆಗೆ ಅರ್ಜಿ, ಒಂದಾದ ಮೇಲೊಂದು. ವರ್ಷಗಳು ಉರುಳಿದವು. ಕೊನೆಗೆ ಕ್ಲೇಮುಗಳು ತಿರಸ್ಕೃತವಾದವು, ಮಾಸ್‌ಬರ್ಗ್ ದಾವೆಯನ್ನು ತಾನಾಗಿಯೇ ಹಿಂದೆ ತೆಗೆದುಕೊಂಡಿತು. ಗೆದ್ದೆವಲ್ಲ, ವಕೀಲರ ಖರ್ಚು ಕೊಡಿಸಿ ಎಂದು ಟಿಮ್ನಿ ಕೇಳಿತು. ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2020ರ ಏಪ್ರಿಲ್‌ನಲ್ಲಿ ಇಲ್ಲ ಎಂದಿತು. ಪ್ರತಿವಾದಿ ಉತ್ತರ ಸಲ್ಲಿಸುವ ಮೊದಲೇ ವಾದಿ ಬರೀ ನೋಟಿಸಿನಿಂದ ಹಿಂದೆ ಸರಿದರೆ ಅಲ್ಲಿ ನ್ಯಾಯಾಲಯದ ಮುದ್ರೆಯೇ ಬಿದ್ದಿಲ್ಲ, ಮುದ್ರೆ ಇಲ್ಲದೆ ಗೆದ್ದ ಪಕ್ಷ ಎಂಬುದೂ ಇಲ್ಲ. ದಾವೆ ನಿಲ್ಲಿಸುವಂತೆ ಕೇಳುವ ಮೊದಲು ಒಂದು ಲಿಖಿತ ಉತ್ತರ ಸಲ್ಲಿಸಿಬಿಟ್ಟಿದ್ದರೆ, ಮಾಸ್‌ಬರ್ಗ್‌ಗೆ ಅಷ್ಟು ಸಲೀಸಾಗಿ ಎದ್ದುಹೋಗಲು ಆಗುತ್ತಿರಲಿಲ್ಲ. ಪ್ರತಿವಾದಿಯ ಪರ ಕೆಲಸ ಮಾಡುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಫೋರ್ಸ್ಡ್ ರೀಸೆಟ್ ದಾವೆಗಳಿಗೆ ಮಾತ್ರ ಇದ್ದ ಇನ್ನೊಂದು ಇಕ್ಕಟ್ಟು ಸರ್ಕಾರದ್ದು. ಟ್ರಿಗರ್‌ನ ಒಂದು ಕ್ರಿಯೆಗೆ ಒಂದಕ್ಕಿಂತ ಹೆಚ್ಚು ಗುಂಡು ತಾನಾಗಿ ಹಾರಿದರೆ ಅಮೆರಿಕದ ಕಾನೂನಿನಲ್ಲಿ ಅದು ಮಷಿನ್ ಗನ್. ಎಫ್‌ಆರ್‌ಟಿ-15 ಅಂಥದ್ದೇ ಎಂದು ಅಲ್ಲಿನ ಶಸ್ತ್ರಾಸ್ತ್ರ ನಿಯಂತ್ರಣ ಸಂಸ್ಥೆ ಎಟಿಎಫ್ 2021ರ ಜುಲೈನಲ್ಲಿ ಮಾರಾಟ ನಿಲ್ಲಿಸಲು ಪತ್ರ ಕೊಟ್ಟಿತು. 2023ರಲ್ಲಿ ನ್ಯೂಯಾರ್ಕ್‌ನ ಪೂರ್ವ ಜಿಲ್ಲೆಯಲ್ಲಿ ಸರ್ಕಾರವೇ ದಾವೆ ಹೂಡಿ ತಡೆಯಾಜ್ಞೆ ಪಡೆಯಿತು. 2024ರ ಜೂನ್ 14ರಂದು ಸುಪ್ರೀಂ ಕೋರ್ಟ್ ಬಂಪ್ ಸ್ಟಾಕ್ (ಬಂದೂಕಿನ ಒದೆತವನ್ನೇ ಬಳಸಿ ಬೇಗಬೇಗ ಗುಂಡು ಹಾರಿಸುವ ಹಿಡಿಕೆ) ಮಷಿನ್ ಗನ್ ಅಲ್ಲ ಎಂದು 6-3ರಲ್ಲಿ ತೀರ್ಪು ಕೊಟ್ಟ ಮೇಲೆ ಗಾಳಿ ತಿರುಗಿತು. ಮರುತಿಂಗಳು ಟೆಕ್ಸಸ್‌ನ ಉತ್ತರ ಜಿಲ್ಲೆಯ ನ್ಯಾಯಾಲಯ ಈ ಟ್ರಿಗರ್‌ಗಳೂ ಮಷಿನ್ ಗನ್ ಅಲ್ಲ ಎಂದಿತು. ಆ ಅವಧಿಯಲ್ಲಿ ಪೇಟೆಂಟ್ ಕಡತ ಬರೆಯುವವರ ಕೈ ಕಟ್ಟಿದಂತಿತ್ತು. ಉಲ್ಲಂಘನೆ ಸಾಧಿಸಲು ಟ್ರಿಗರ್ ತಾನಾಗಿ ಮುಂದಕ್ಕೆ ಬರುತ್ತದೆ ಎಂದು ಒತ್ತಿ ಬರೆಯಬೇಕು, ಅದೇ ವಾಕ್ಯವನ್ನು ಸರ್ಕಾರದ ವಕೀಲರು ಬೇರೆ ನ್ಯಾಯಾಲಯದಲ್ಲಿ ಓದಬಹುದು. ಹಾಗಾಗಿ ಪ್ರತಿ ಗುಂಡಿಗೂ ಟ್ರಿಗರ್ ಮತ್ತೆ ಎಳೆಯಲೇಬೇಕು ಎಂಬ ಮಾತು ಅದೇ ಪ್ಯಾರಾದಲ್ಲಿ ಇರುವಂತೆ ನೋಡಿಕೊಳ್ಳಬೇಕಿತ್ತು. ಮೇಲೆ ಹೇಳಿದ ರಫ್ತು ಬೇಲಿಯೂ ಇದಕ್ಕೇ ತಗುಲಿಕೊಂಡಿದೆ: ಪೂರ್ತಿ ಸ್ವಯಂಚಾಲಿತ ಬಂದೂಕಿನ ತಾಂತ್ರಿಕ ವಿವರ ಇಂದಿಗೂ ಹಳೆಯ ಬಿಗಿ ಪಟ್ಟಿಯಲ್ಲೇ ಇದೆ, ಅನುಮಾನವಿದ್ದಷ್ಟು ದಿನ ಬಿಗಿ ಪಟ್ಟಿಯೆಂದೇ ಎಣಿಸಿ ನಡೆದುಕೊಂಡವರು ಬಚಾವು.

2025ರ ಮೇ 16ರಂದು ನ್ಯಾಯ ಇಲಾಖೆ ರೇರ್ ಬ್ರೀಡ್ ಜೊತೆ ರಾಜಿ ಪ್ರಕಟಿಸಿತು. ಕಂಪನಿ ಪಿಸ್ತೂಲಿಗೆ ಇಂಥ ಟ್ರಿಗರ್ ಮಾಡಬಾರದು, ಜೊತೆಗೆ ತನ್ನ ಪೇಟೆಂಟ್‌ಗಳನ್ನು ಉಲ್ಲಂಘಿಸುವವರ ಮೇಲೆ ಕ್ರಮ ಕೈಗೊಳ್ಳಬೇಕು ಎಂಬುದು ಷರತ್ತು. ಪೇಟೆಂಟ್ ಎಂದರೆ ಇನ್ನೊಬ್ಬರನ್ನು ತಡೆಯುವ ಹಕ್ಕು ಎಂದು ಓದಿದವರಿಗೆ, ಆ ಹಕ್ಕನ್ನು ಚಲಾಯಿಸಲೇಬೇಕು ಎಂದು ಸರ್ಕಾರ ಬರೆಸಿಕೊಂಡದ್ದು ವಿಚಿತ್ರವಾಗಿ ಕಾಣುತ್ತದೆ. ಪ್ರತಿವಾದಿಗಳಿಗೆ ಇದರ ಅರ್ಥ ಸರಳ: ನೋಟಿಸು ಬಂದರೆ ಸುಮ್ಮನಿದ್ದರೆ ಹೋದೀತು ಎಂಬ ಲೆಕ್ಕ ನಡೆಯುವುದಿಲ್ಲ.

ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿಗೆ ಬೇಕಾದ ಪುರಾವೆ ಬೇರೆಯೇ ಬಗೆಯದು. ಅದರಲ್ಲಿ ಚಾರ್ಟ್‌ಗಿಂತ ಬೆಲೆಪಟ್ಟಿಗೆ ತೂಕ: ಎದುರಾಳಿ ಬಂದ ಮೇಲೆ ದರ ಎಷ್ಟು ಇಳಿಸಬೇಕಾಯಿತು, ಯಾವ ಡೀಲರ್ ಯಾವ ತಿಂಗಳು ಬಿಟ್ಟುಹೋದ. ದುಡ್ಡಿನಿಂದ ತುಂಬಲಾಗದ ನಷ್ಟ ಎಂದು ತೋರಿಸದಿದ್ದರೆ 2006ರ ಇಬೇ ತೀರ್ಪಿನ ನಂತರ ತಡೆಯಾಜ್ಞೆ ಸುಲಭಕ್ಕೆ ಸಿಗದು. ನಷ್ಟದ ಲೆಕ್ಕ ಮಾತ್ರ ಇಲ್ಲಿ ಹಗುರ, ಏಕೆಂದರೆ ಟ್ರಿಗರ್ ಬಿಡಿಯಾಗಿಯೇ ಮಾರಾಟವಾಗುತ್ತದೆ. ಇಡೀ ಬಂದೂಕಿನ ಬೆಲೆಯಲ್ಲಿ ಟ್ರಿಗರ್‌ನ ಪಾಲೆಷ್ಟು ಎಂದು ಜಗ್ಗಾಡುವ ಪ್ರಮೇಯ ಬರುವುದಿಲ್ಲ.

ರಾಜಿಯೋ ತಡೆಯಾಜ್ಞೆಯೋ ಆದಮೇಲೂ ಕಡತ ಮುಚ್ಚುವುದಿಲ್ಲ. ಕೆಲವು ತಿಂಗಳಲ್ಲಿ ಅದೇ ಪ್ರತಿವಾದಿ ಹೊಸ ಹೆಸರಿನ ಟ್ರಿಗರ್ ತರುತ್ತಾರೆ. ಹಳೆಯ ಆಜ್ಞೆಯನ್ನು ಮೀರಿದರು ಎನ್ನಲು, ಹೊಸದು ಹಳೆಯದಕ್ಕಿಂತ ತೋರಿಕೆಗಷ್ಟೇ ಬೇರೆ ಎಂದು ಸಾಧಿಸಬೇಕು. ಇದು 2011ರ ಟಿವೊ ತೀರ್ಪಿನ ಅಳತೆಗೋಲು. ಇಲ್ಲವಾದರೆ ಹೊಸ ದಾವೆ. ಆಗ ಮತ್ತೆ ಎರಡು ಡಬ್ಬಿ ಕೊಂಡು, ಒಂದಕ್ಕೆ ಸೀಲ್ ಹಾಕಿ, ಇನ್ನೊಂದನ್ನು ಅದೇ ಫಿಕ್ಸ್ಚರ್‌ನಲ್ಲಿ ಅದೇ ಕೋನಕ್ಕೆ ಕೂರಿಸಿ, ತಾಗುವ ಮುಖಗಳಿಗೆ ನೀಲಿ ಬಳಿದು, ಹ್ಯಾಮರ್ ಅನ್ನು ಹೆಬ್ಬೆರಳಿನಿಂದ ನಿಧಾನವಾಗಿ ಹಿಂದಕ್ಕೆ ಒತ್ತಿ, ಬಣ್ಣ ಈ ಸಲ ಎಲ್ಲಿ ಅಳಿಯಿತು ಎಂದು ನೋಡುವುದು.